ಸೈಕಲ್ ಕುಂಟೆಯ ಹಿಡಿ ಯಾರ ಎತ್ತರಕ್ಕೆ ಇರಬೇಕು?

ಪ್ರಶ್ನೆ: ಗುಬ್ಬಿ ಕಡೆಯವನು

ಎಲ್ಲರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಉಪಕರಣಗಳ ಖರೀದಿ ಮತ್ತು ಬಾಡಿಗೆಯ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ರಾಗಿ, ಅವರೆ, ತೊಗರಿ ಬೆಳೆಯುವ ಸಣ್ಣ ಹಿಡುವಳಿದಾರರು. ಕಳೆ ತೆಗೆಯುವ ಕೆಲಸ ಬಹುಪಾಲು ಹೆಂಗಸರದ್ದೇ. ಕಳೆದ ಮುಂಗಾರಿನಲ್ಲಿ ಮಹಿಳಾ ಸಂಘಗಳಿಗೆ ಬಾಡಿಗೆಗೆ ಕೊಡಲೆಂದು ಒಬ್ಬ ವಿತರಕರಿಂದ ಒಂದೇ ಅಚ್ಚಿನ ಸೈಕಲ್ ಕುಂಟೆಗಳನ್ನು (ಮುಂದೆ ಚಕ್ರ, ಅದರ ಹಿಂದೆ ಬ್ಲೇಡು ಇರುವ, ನಿಂತು ತಳ್ಳಿ ಸಾಲಿನ ನಡುವಿನ ಕಳೆ ತೆಗೆಯುವ ಕೈಉಪಕರಣ) ತರಿಸಿದ್ದೆವು. ಆರಂಭದಲ್ಲಿ ಎಲ್ಲರೂ ಉತ್ಸಾಹದಿಂದ ಒಯ್ದರು, ಆಮೇಲೆ ಒಂದೊಂದಾಗಿ ಹಿಂದಕ್ಕೆ ಬಂದವು. ಈಗ ಹೆಚ್ಚಿನವು ಗೋದಾಮಿನ ಗೋಡೆಗೆ ಒರಗಿಕೊಂಡಿವೆ.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಭುಜ ಹಿಡಿದುಕೊಳ್ಳುತ್ತದೆ ಎಂದು ಕೆಲವರು, ಹಿಡಿ ದಪ್ಪವಾಯಿತು ಎಂದು ಕೆಲವರು, ಸಂಜೆಯ ಹೊತ್ತಿಗೆ ಅಂಗೈ ಉರಿಯುತ್ತದೆ ಎಂದು ಇನ್ನು ಕೆಲವರು ಹೇಳಿದರು. ಟೇಪು ಹಿಡಿದು ನೋಡಿದಾಗ ಹಿಡಿಯ ಎತ್ತರ ನೆಲದಿಂದ 112 ಸೆಂ.ಮೀ. ಇತ್ತು. ಅದನ್ನು ಒಯ್ದಿದ್ದ ಹೆಂಗಸರಲ್ಲಿ ನಾನು ಅಳೆದವರ ಮೊಣಕೈ ಎತ್ತರ 91ರಿಂದ 97 ಸೆಂ.ಮೀ. ಒಳಗೇ ಇತ್ತು. ಗಂಡಸರು ಅದೇ ಕುಂಟೆಯನ್ನು ಅಷ್ಟೇನೂ ದೂರಿಲ್ಲದೆ ತಳ್ಳುತ್ತಾರೆ, ಹಾಗಾಗಿ ಉಪಕರಣ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಹೇಳುವಂತೆಯೂ ಇಲ್ಲ.

ಬರುವ ಮುಂಗಾರಿಗೆ ಮೊದಲು ಅಂತರಸನಹಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ನಾವೇ ಹೊಸ ಕುಂಟೆಗಳನ್ನು ಮಾಡಿಸಬೇಕೆಂದು ನಮ್ಮ ನಿರ್ದೇಶಕರು ಒಪ್ಪಿದ್ದಾರೆ. ಸಹಾಯಧನ ಸಿಗುವುದು ಪರೀಕ್ಷೆಗೆ ಒಳಪಟ್ಟು ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರವಾದ್ದರಿಂದ ಈ ಖರ್ಚು ಪೂರ್ತಿ ನಮ್ಮ ಕೈಯಿಂದಲೇ ಹೋಗಬೇಕು. ಎರಡನೆಯ ಸಲವೂ ತಪ್ಪಿದರೆ ಸರ್ವಸದಸ್ಯರ ಸಭೆಯಲ್ಲಿ ಉತ್ತರ ಹೇಳುವುದು ಕಷ್ಟ. ಭೋಪಾಲದ ಕೇಂದ್ರೀಯ ಸಂಸ್ಥೆಯವರು ದೇಶದ ಕೃಷಿ ಕಾರ್ಮಿಕರ ದೇಹದ ಅಳತೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆಂದು ಓದಿದ್ದೇನೆ. ಆ ಅಂಕಿಗಳನ್ನೇ ಇಟ್ಟುಕೊಂಡು ಮಾಡಿಸಿದರೆ ಸಾಕೇ, ಅಥವಾ ನಮ್ಮವರನ್ನೇ ಅಳೆಯಬೇಕೇ? ಅಳೆಯುವುದಾದರೆ ಯಾವ ಯಾವ ಅಳತೆ? ಎಲ್ಲರಿಗೂ ಸರಾಸರಿಯ ಒಂದೇ ಎತ್ತರ ಸಾಕೇ, ಏರಿಸಿ ಇಳಿಸುವ ವ್ಯವಸ್ಥೆ ಬೇಕೇ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಕೃಷಿ ಎಂಜಿನಿಯರ್, ತುಮಕೂರು

ತಾವು ಟೇಪು ಹಿಡಿದದ್ದು ಒಳ್ಳೆಯದಾಯಿತು. ಬಾಡಿಗೆಗೆ ಕೊಡುವ ಎಷ್ಟೋ ಕಡೆ ಉಪಕರಣದ ಬೆಲೆ ಗೊತ್ತಿರುತ್ತದೆ, ಹಿಡಿಯ ಎತ್ತರ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ದತ್ತಾಂಶದಲ್ಲಿ ಕೃಷಿ ಕಾರ್ಮಿಕರ 79 ದೇಹದ ಅಳತೆಗಳೂ 16 ಬಗೆಯ ತಳ್ಳುವ, ಎಳೆಯುವ, ಹಿಡಿಯುವ ಬಲದ ಅಳತೆಗಳೂ ಇವೆ. ಬೇರೆ ಬೇರೆ ರಾಜ್ಯಗಳ ಗಂಡಸರನ್ನೂ ಹೆಂಗಸರನ್ನೂ ಅಳೆದು ಮಾಡಿದ ಕೆಲಸ ಅದು. ಅದಕ್ಕೆ ಮೊದಲು ನಮ್ಮಲ್ಲಿ ಎಷ್ಟೋ ವಿನ್ಯಾಸಗಳು ಪಾಶ್ಚಾತ್ಯ ದೇಶಗಳ ಪುರುಷರ, ಅದರಲ್ಲೂ ಸೈನಿಕರ ಅಳತೆಯ ಕೋಷ್ಟಕಗಳನ್ನು ನೋಡಿಕೊಂಡು ನಡೆಯುತ್ತಿದ್ದವು. ಸ್ಥೂಲವಾಗಿ ಹೇಳುವುದಾದರೆ ನಮ್ಮ ಕೃಷಿ ಕಾರ್ಮಿಕ ಗಂಡಸರ ಸರಾಸರಿ ಎತ್ತರ 163 ಸೆಂ.ಮೀ. ಆಸುಪಾಸು, ಹೆಂಗಸರದ್ದು 152ರ ಆಸುಪಾಸು. ಮೊಣಕೈ ಎತ್ತರ ಒಟ್ಟು ಎತ್ತರದ ಸುಮಾರು 0.63 ಪಾಲು ಇರುತ್ತದೆ. ಆ ಲೆಕ್ಕದಲ್ಲಿ ಹೆಂಗಸರ ಮೊಣಕೈ 95-96 ಸೆಂ.ಮೀ., ಗಂಡಸರದ್ದು 102-103 ಸೆಂ.ಮೀ. ಬರುತ್ತದೆ. ತಮ್ಮ ಟೇಪು ಹೇಳಿದ್ದೂ ಅದನ್ನೇ. 112 ಸೆಂ.ಮೀ. ಹಿಡಿ ಸರಾಸರಿ ಗಂಡಸಿಗೂ ಮೊಣಕೈಗಿಂತ ಮೇಲೆಯೇ ಇದೆ. ಅವನು ತೋಳಿನ ಬಲದಿಂದ ಹೇಗೋ ನಿಭಾಯಿಸುತ್ತಾನೆ, ಅಷ್ಟೆ.

ತಳ್ಳಿ ಎಳೆಯುವ ಉಪಕರಣದ ಹಿಡಿ ಸೊಂಟಕ್ಕಿಂತ ಮೇಲೆ, ಮೊಣಕೈಗಿಂತ ತುಸು ಕೆಳಗೆ ಇರಬೇಕು. ಮೊಣಕೈ ಮೀರಿದರೆ ಭುಜ ಮೇಲೆತ್ತಿಕೊಂಡೇ ದುಡಿಯಬೇಕಾಗುತ್ತದೆ, ಕುತ್ತಿಗೆಯ ಬುಡದ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ತಮ್ಮ ಸದಸ್ಯೆಯರು ಹೇಳಿದ ಭುಜದ ನೋವು ಅಲ್ಲಿಂದ ಬಂದದ್ದು. ತೀರಾ ಕೆಳಗಾದರೆ ನಡು ಬಗ್ಗುತ್ತದೆ. ಹೆಂಗಸರಿಗೆ 86ರಿಂದ 94, ಗಂಡಸರಿಗೆ 94ರಿಂದ 102 ಸೆಂ.ಮೀ. ಒಳಗೆ ಹಿಡಿ ನಿಂತರೆ ಹೆಚ್ಚಿನವರಿಗೆ ಹೊಂದುತ್ತದೆ ಎಂಬುದು ನನ್ನ ಅಂದಾಜು. ತಮ್ಮ ಹೊಲದಲ್ಲಿ ಪರೀಕ್ಷಿಸಿ ತಿದ್ದಿಕೊಳ್ಳಬಹುದು.

ಸರಾಸರಿಯ ಪ್ರಶ್ನೆಗೆ ಮಾತ್ರ ನನ್ನದು ಖಡಾಖಂಡಿತ ಉತ್ತರ: ಬೇಡ. ಸರಾಸರಿಗೆ ಮಾಡಿದ ಉಪಕರಣ ಗಿಡ್ಡ ಇರುವವರಿಗೂ ಎತ್ತರ ಇರುವವರಿಗೂ ಒಟ್ಟಿಗೇ ತೊಂದರೆ ಕೊಡುತ್ತದೆ. ಒಂದೊಂದು ಅಳತೆಗೂ ಯಾರ ದೇಹ ಮಿತಿಯಾಗುತ್ತದೆ ಎಂದು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು. ಕೈಗೆ ಎಟುಕಬೇಕಾದದ್ದನ್ನು ಗಿಡ್ಡದವರ ಅಳತೆಗೆ ಮಾಡಬೇಕು, ಅಂದರೆ ನೂರು ಜನರನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿದರೆ ಗಿಡ್ಡದ ಕಡೆಯಿಂದ ಐದನೆಯವರಿಗೆ ಎಟುಕುವಂತೆ. ಕೈಯೋ ಕಾಲೋ ಒಳಗೆ ಹೋಗಿಬರಲು ಬಿಡುವ ಜಾಗವನ್ನು ದೊಡ್ಡ ಮೈಯವರ ಅಳತೆಗೆ ಬಿಡಬೇಕು. ಅಪಾಯದಿಂದ ದೂರ ಇಡುವ ಅಳತೆಯಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ: ನಮ್ಮ ಹಾಲು ಉತ್ಪಾದಕರ ಮನೆಗಳಲ್ಲಿರುವ ಮೇವು ಕತ್ತರಿಸುವ ಯಂತ್ರದ ಬಾಯಿ ಎಷ್ಟು ಉದ್ದ ಇರಬೇಕೆಂದರೆ ಅತ್ಯಂತ ಉದ್ದ ತೋಳಿನವರ ಬೆರಳೂ ಬ್ಲೇಡಿಗೆ ತಲುಪಬಾರದು, ಆದರೆ ಆ ಬಾಯಿಯ ಎತ್ತರ ಮಾತ್ರ ಗಿಡ್ಡ ಹೆಂಗಸು ಕಾಲ್ಬೆರಳ ಮೇಲೆ ನಿಲ್ಲದೆ ಹುಲ್ಲು ಇಡುವಷ್ಟಿರಬೇಕು. ಒಂದೇ ಯಂತ್ರದಲ್ಲಿ ಎರಡು ಬೇರೆ ದೇಹಗಳು ಮಿತಿಯಾಗುತ್ತವೆ.

ಹಾಗಾಗಿ ಭೋಪಾಲದ ಅಂಕಿಗಳನ್ನು ಹೊರಗಿನ ಎಲ್ಲೆಯಾಗಿ ಇಟ್ಟುಕೊಂಡು, ಒಳಗಿನ ಲೆಕ್ಕಕ್ಕೆ ತಮ್ಮವರನ್ನೇ ಅಳೆಯಿರಿ. ಎಪ್ಪತ್ತೊಂಬತ್ತೂ ಬೇಕಿಲ್ಲ. ಒಟ್ಟು ಎತ್ತರ, ಭುಜದ ಎತ್ತರ, ಮೊಣಕೈ ಎತ್ತರ, ಅಂಗೈ ಅಗಲ, ಹೆಬ್ಬೆರಳೂ ನಡುಬೆರಳೂ ಕೂಡಿದಾಗ ಆಗುವ ಉಂಗುರದ ಒಳವ್ಯಾಸ ಇಷ್ಟಿದ್ದರೆ ಕುಂಟೆಗೂ ಕುಡುಗೋಲಿಗೂ ಸಾಕು. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರನ್ನು ಬರಿಗಾಲಲ್ಲೇ ಅಳೆಯಬೇಕು, ಚಪ್ಪಲಿಯವರನ್ನು ಚಪ್ಪಲಿಯಲ್ಲಿ. ಸಂಘದ ಸಭೆಗೆ ಬಂದವರನ್ನಷ್ಟೇ ಅಳೆದರೆ ಮಧ್ಯವಯಸ್ಸಿನವರೇ ಸಿಗುತ್ತಾರೆ. ಗಿಡ್ಡದವರನ್ನೂ ಎತ್ತರದವರನ್ನೂ, ವಯಸ್ಸಾದವರನ್ನೂ ಹುಡುಕಿ ಕರೆತರಬೇಕು.

ಕೊನೆಗೆ ಎತ್ತರಕ್ಕಿಂತ ದೊಡ್ಡದಾಗಬಹುದಾದ ಒಂದು ವಿಷಯ. ಬ್ಲೇಡಿನ ಅಗಲ ಎಷ್ಟಿದೆ? ದಿನವಿಡೀ ದುಡಿಯುವಾಗ ಗಂಡಸಿನಿಂದ ಸುಮಾರು 75 ವ್ಯಾಟ್, ಹೆಂಗಸಿನಿಂದ ಸುಮಾರು 60 ವ್ಯಾಟ್ ಶಕ್ತಿ ದೊರೆಯುತ್ತದೆ ಎಂದು ಲೆಕ್ಕ ಹಿಡಿಯುವುದು ರೂಢಿ. ಒಂದೇ ಆಳಕ್ಕೆ ಇಳಿಸಿದರೆ ಬ್ಲೇಡು ಅಗಲವಾದಷ್ಟೂ ಮಣ್ಣಿನ ಎಳೆತ ಹೆಚ್ಚು. ಮಳೆ ನಿಂತು ಕೆಲವು ದಿನಗಳಾದರೆ ನಮ್ಮ ಕೆಂಪು ಮಣ್ಣು ಹೇಗೆ ಗಟ್ಟಿ ಕಟ್ಟುತ್ತದೆ ಎಂಬುದು ತಮಗೆ ತಿಳಿದೇ ಇದೆ. 30 ಸೆಂ.ಮೀ. ಅಂತರದ ರಾಗಿ ಸಾಲಿನಲ್ಲಿ 20 ಸೆಂ.ಮೀ. ಬ್ಲೇಡು ಹಿಡಿಸುತ್ತದೆ ಎಂದು ಎಲ್ಲರಿಗೂ ಅದನ್ನೇ ಹಾಕಿಸುವುದು ಸರಿಯಲ್ಲ. ಹೆಂಗಸರ ಕುಂಟೆಗೆ 15 ಸೆಂ.ಮೀ. ಸಾಕು, ಬೇಕಾದರೆ ಸಾಲಿಗೆ ಎರಡು ಸಲ ಹೋಗಲಿ.

ಉತ್ತರ: ಕುಲುಮೆ ಮತ್ತು ವೆಲ್ಡಿಂಗ್, ಚಿಂತಾಮಣಿ

ಎಂಜಿನಿಯರ್ ಸಾಹೇಬರು ಹೇಳಿದ ಲೆಕ್ಕ ಸರಿಯಾಗಿದೆ. ಅದನ್ನು ಕಬ್ಬಿಣದಲ್ಲಿ ಮಾಡುವಾಗ ಬರುವ ತೊಡಕುಗಳನ್ನು ನಾನು ಹೇಳುತ್ತೇನೆ. ನಮ್ಮ ತಂದೆಯವರ ಕಾಲದಲ್ಲಿ ಕುಲುಮೆಗೆ ಬಂದವರ ಕೈಗೇ ಕಾವು, ಅಂದರೆ ಉಪಕರಣದ ಮರದ ಹಿಡಿ, ಕೊಟ್ಟು, ಹಿಡಿಸಿ ನೋಡಿ ಅಲ್ಲೇ ಕೆತ್ತಿ ಕೊಡುತ್ತಿದ್ದರು. ಈಗ ಆರ್ಡರ್ ಕೊಡುವವರು ಒಬ್ಬರು, ಉಪಯೋಗಿಸುವವರು ಇನ್ನೊಬ್ಬರು.

ಮೊದಲು ಪೈಪಿನ ವಿಷಯ. ಅಂಗಡಿಯಲ್ಲಿ ಒಂದಿಂಚಿನ ಜಿಐ ಪೈಪು ಎಂದು ಕೊಡುವುದರ ಹೊರ ವ್ಯಾಸ ಒಂದಿಂಚು ಇರುವುದಿಲ್ಲ, ಸುಮಾರು 34 ಮಿ.ಮೀ. ಇರುತ್ತದೆ. ಅದರ ಮೇಲೆ ರಬ್ಬರ್ ಹಿಡಿ ತೊಡಿಸಿದರೆ 38-40 ಆಗಿಬಿಡುತ್ತದೆ. ಒಂದೂಕಾಲು ಇಂಚಿನದಾದರೆ ರಬ್ಬರ್ ಇಲ್ಲದೆಯೇ 42. ಹಿಡಿ ದಪ್ಪ ಎಂದು ನಿಮ್ಮವರು ದೂರಿದ್ದು ಇದರಿಂದಲೇ ಇರಬೇಕು, ಒಮ್ಮೆ ಕ್ಯಾಲಿಪರ್ ಹಿಡಿದು ನೋಡಿ. ಮುಕ್ಕಾಲು ಇಂಚಿನ ಪೈಪಿನ ಹೊರ ವ್ಯಾಸ ಸುಮಾರು 27 ಮಿ.ಮೀ.; ಅದಕ್ಕೆ ರಬ್ಬರ್ ಹಾಕಿದರೆ 31-32 ಆಗಿ ಹೆಂಗಸರ ಕೈಗೆ ಸರಿಯಾಗಿ ಕೂರುತ್ತದೆ. ಬರಿಯ ಪೈಪನ್ನು ಮಾತ್ರ ಬಿಡಬೇಡಿ, ಬೆವರಿದ ಕೈಯಲ್ಲಿ ಜಾರುತ್ತದೆ ಎಂದು ಬಿಗಿಯಾಗಿ ಹಿಡಿದೇ ಅಂಗೈ ಬೊಬ್ಬೆ ಬರುತ್ತದೆ.

ಏರಿಸಿ ಇಳಿಸುವ ವ್ಯವಸ್ಥೆಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಪೈಪಿನೊಳಗೆ ಪೈಪು ತೂರಿಸಿ ಬೋಲ್ಟ್ ಹಾಕಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಇಲ್ಲವೇ ತೂತು ಅಗಲವಾಗಿ ಲಟಪಟ ಎನ್ನುತ್ತದೆ. ಹೊಲದಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಯಾರೂ ಓಡಾಡುವುದಿಲ್ಲ. ಬೆಳಿಗ್ಗೆ ಗಂಡ, ಮಧ್ಯಾಹ್ನ ಹೆಂಡತಿ ಎಂದು ಒಂದೇ ಕುಂಟೆಯನ್ನು ಹಂಚಿಕೊಳ್ಳುವ ಮನೆಗೆ ಅದು ಬೇಕಾಗಬಹುದು, ಆಗ ಮೂರೇ ತೂತು, ಸರಪಳಿಗೆ ಕಟ್ಟಿದ ಒಂದು ಪಿನ್ನು ಸಾಕು. ಬಾಡಿಗೆಗೆ ಕೊಡುವ ಕಂಪನಿಗಾದರೆ ಎರಡು ಅಳತೆಯಲ್ಲಿ ಗಟ್ಟಿಯಾಗಿ ವೆಲ್ಡ್ ಮಾಡಿಸಿ ಎರಡು ಬಣ್ಣ ಬಳಿಸುವುದೇ ಲೇಸು.

ಇನ್ನೊಂದು ಮುಖ್ಯವಾದದ್ದು. ಅಗ್ಗದ ಸೈಕಲ್ ಕುಂಟೆಯಲ್ಲಿ ಹಿಡಿಯ ದಂಡವೂ ಬ್ಲೇಡಿನ ದಂಡವೂ ಒಂದೇ ತುಂಡು. ಗಿಡ್ಡ ಇರುವವರು ಹಿಡಿಯನ್ನು ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡರೆ ಬ್ಲೇಡಿನ ಮೂತಿ ಮೇಲೇಳುತ್ತದೆ, ಮಣ್ಣಿಗೆ ಕಚ್ಚದೆ ಮೇಲೆಯೇ ಸವರಿಕೊಂಡು ಹೋಗುತ್ತದೆ. ಕಳೆ ಬೇರುಸಮೇತ ಏಳಲಿಲ್ಲವೆಂದು ಅವರು ಇನ್ನಷ್ಟು ಒತ್ತುತ್ತಾರೆ. ಕೈಸೋತದ್ದು ಅಲ್ಲಿ. ಗೋದಾಮಿನಲ್ಲಿರುವ ಹಳೆಯ ಕುಂಟೆಗಳ ಹಿಡಿ ಕತ್ತರಿಸಿ ಗಿಡ್ಡ ಮಾಡಿದರೂ ಈ ಕೋನವನ್ನು ಸರಿಪಡಿಸಬೇಕಾಗುತ್ತದೆ. ಬ್ಲೇಡಿನ ಕಾಲಿಗೆ ಬೇರೆ ತಗಡು ಕೂರಿಸಿ ಎರಡು ತೂತಿನಲ್ಲಿ ಓರೆ ಬದಲಾಯಿಸುವಂತೆ ಮಾಡಿಸಿ. ಹಾಗೆ ಮಾಡಿದರೆ ಹಳೆಯವನ್ನೂ ಗುಜರಿಗೆ ಹಾಕಬೇಕಿಲ್ಲ.

ಸನಿಕೆಗೂ ಇದೇ ಮಾತು. ನಡು ಬಗ್ಗಬಾರದೆಂದು ಉದ್ದ ಕಾವು ಹಾಕಿಸಿಕೊಂಡು ಹೋದವರು ಮರುದಿನವೇ ವಾಪಸು ಬರುತ್ತಾರೆ, ಕಚ್ಚುತ್ತಿಲ್ಲ ಎಂದು. ಕಾವು ಉದ್ದವಾದಂತೆ ತಟ್ಟೆಯ ಕೋನವನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಅದು ಕೆರೆಯುತ್ತದೆಯೇ ಹೊರತು ಅಗೆಯುವುದಿಲ್ಲ. ಕಾಯಿಸಿ ಬಡಿದು ಬಿಚ್ಚಬಹುದು, ಆದರೆ ಅಚ್ಚಿನಲ್ಲಿ ಒತ್ತಿದ ರೆಡಿಮೇಡ್ ತಟ್ಟೆಗಳು ಕುತ್ತಿಗೆಯಲ್ಲಿ ಸೀಳುವುದುಂಟು.

ಉತ್ತರ: ಹಿಪ್ಪುನೇರಳೆ ತೋಟ, ಶ್ರೀನಿವಾಸಪುರ

ನಾನು ಬೇರೆಯವರ ಹೊಲದಲ್ಲಿ ಕೂಲಿಯನ್ನೂ ಮಾಡಿದ್ದೇನೆ, ಈಗ ಸ್ವಂತ ತೋಟದಲ್ಲಿ ಕೂಲಿಯವರನ್ನೂ ಕರೆಯುತ್ತೇನೆ. ಆದ್ದರಿಂದ ಎರಡೂ ಕಡೆಯ ಮಾತು ಹೇಳಬಲ್ಲೆ.

ಅಣ್ಣನವರು ಹಿಡಿಯ ಎತ್ತರ ಕೇಳಿದ್ದಾರೆ, ದೊಡ್ಡವರು ಉತ್ತರವನ್ನೂ ಕೊಟ್ಟಿದ್ದಾರೆ. ಆದರೆ ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯುವುದು ಬೇರೆ ಉಪಕರಣ ಇಲ್ಲವೆಂಬ ಕಾರಣಕ್ಕೆ ಮಾತ್ರ ಎಂದು ತಿಳಿಯಬಾರದು. ಪೈರಿನ ಬುಡದಲ್ಲಿ ಪೈರಿನಂತೆಯೇ ಕಾಣುವ ಕಳೆ ಇರುತ್ತದೆ, ರಾಗಿಯಲ್ಲಂತೂ ಎಳೆಯದರಲ್ಲಿ ಗುರುತು ಹಿಡಿಯುವುದೇ ಕಷ್ಟ. ಅದನ್ನು ಕಣ್ಣಿಗೆ ಹತ್ತಿರ ಕುಳಿತು ಬೆರಳಲ್ಲೇ ಕೀಳಬೇಕು. ಅದಕ್ಕಿಂತ ಮುಖ್ಯವಾಗಿ, ಕಿತ್ತ ಕಳೆ ನಮಗೆ ಮೇವು. ಸಂಜೆ ಮನೆಗೆ ಹೋಗುವಾಗ ಒಂದು ಹೊರೆ ಹಸಿರು ಹುಲ್ಲು ಕೊಂಡೊಯ್ದರೆ ಹಸುವಿನ ಒಂದು ಹೊತ್ತು ಕಳೆಯುತ್ತದೆ. ಸೈಕಲ್ ಕುಂಟೆ ಕಳೆಯನ್ನು ಕತ್ತರಿಸಿ ಮಣ್ಣಿಗೆ ಬೆರೆಸಿಬಿಡುತ್ತದೆ. ಹೊಲದ ಮಾಲೀಕನಿಗೆ ಅದು ಗೊಬ್ಬರ, ಕೂಲಿಗೆ ಬಂದವಳಿಗೆ ನಷ್ಟ. ಹಿಡಿಯ ಎತ್ತರ ಎಷ್ಟು ಸರಿ ಮಾಡಿದರೂ ಈ ನಷ್ಟ ತುಂಬುವುದಿಲ್ಲ. ಸಾಲಿನ ನಡುವೆ ಕುಂಟೆ, ಬುಡಕ್ಕೆ ಕೈ ಎಂದು ಕೆಲಸವನ್ನು ಹಂಚಿಕೊಂಡರೆ ಎರಡೂ ಉಳಿಯುತ್ತವೆ. ಹಾಗಾಗಿ ಕುಂಟೆ ಮಾಡಿಸುವಾಗ ಕುಳಿತು ಉಪಯೋಗಿಸುವ ಒಳ್ಳೆಯ ಕೈಗುದ್ದಲಿಗಳನ್ನೂ ಮಾಡಿಸಿ, ಅದರ ಹಿಡಿಯನ್ನೂ ಅಳತೆಗೆ ಕೂರಿಸಿ. ಅಂಗೈ ಅಗಲಕ್ಕಿಂತ ಹಿಡಿ ಚಿಕ್ಕದಾಗಿದ್ದರೆ ಅದರ ತುದಿ ಅಂಗೈ ನಡುವೆಯೇ ಒತ್ತುತ್ತದೆ. ಬೆಳಿಗ್ಗೆ ಗೊತ್ತಾಗದಿದ್ದರೂ ಮರುದಿನ ರೊಟ್ಟಿ ತಟ್ಟುವಾಗ ಗೊತ್ತಾಗುತ್ತದೆ.

ಅಳೆಯುವಾಗ ಹೆಂಗಸರು ಹೊಲದಲ್ಲಿ ಹೇಗಿರುತ್ತಾರೋ ಹಾಗೆಯೇ ಅಳೆಯಿರಿ. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಮೇಲೆ ಗಂಡನ ಹಳೆಯ ಷರಟು ಹಾಕಿಕೊಂಡಿರುತ್ತೇವೆ. ಚಕ್ರಕ್ಕೆ ಸೀರೆ ಸಿಕ್ಕುವುದು ಎತ್ತರದಿಂದ ಬರುವ ತೊಂದರೆ ಅಲ್ಲ, ಹಿಡಿಯಿಂದ ಚಕ್ರ ಎಷ್ಟು ಮುಂದಿದೆ ಎಂಬುದರಿಂದ ಬರುತ್ತದೆ. ಗಿಡ್ಡ ಮಾಡುತ್ತೇವೆಂದು ದಂಡವನ್ನು ಕತ್ತರಿಸಿದರೆ ಚಕ್ರ ಇನ್ನೂ ಕಾಲಿನ ಹತ್ತಿರ ಬರುತ್ತದೆ, ಅದನ್ನು ನೋಡಿಕೊಳ್ಳಿ. ಅಳೆಯುವವರು ಹೆಂಗಸರೇ ಆಗಿದ್ದರೆ ಇನ್ನೂ ಒಳ್ಳೆಯದು. ಗಂಡಸರು ಟೇಪು ಹಿಡಿದು ಬಂದರೆ ಅರ್ಧ ಜನ ನಿಲ್ಲುವುದಿಲ್ಲ, ನಿಂತವರೂ ಭುಜ ಕುಗ್ಗಿಸಿಕೊಂಡು ನಿಲ್ಲುತ್ತಾರೆ.

ರೇಷ್ಮೆಯವರೂ ಇಲ್ಲಿ ಓದುತ್ತಿದ್ದರೆ ಅವರಿಗೊಂದು ಮಾತು. ಹುಳು ಸಾಕುವ ಸ್ಟ್ಯಾಂಡು ಐದಡಿ ಅಗಲ ಇದ್ದರೆ ಎರಡು ಕಡೆಯಿಂದಲೂ ಎರಡೂವರೆ ಅಡಿ ಕೈಚಾಚಬೇಕು. ಗಿಡ್ಡ ಇರುವ ಹೆಂಗಸಿಗೆ ಎದೆಯನ್ನು ತಂತಿಗೆ ಒತ್ತಿಕೊಳ್ಳದೆ ನಡುವಿನ ಸೊಪ್ಪಿಗೆ ಕೈ ಎಟುಕುವುದಿಲ್ಲ, ಮೇಲಿನ ಅಂತಸ್ತಿನಲ್ಲಂತೂ ಇಟ್ಟಿಗೆಯ ಮೇಲೆ ಹತ್ತಿ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಅಗಲವನ್ನು ನಾಲ್ಕಡಿಗೆ ಇಳಿಸಿ, ಉದ್ದವನ್ನು ಹೆಚ್ಚಿಸಿಕೊಂಡೆವು.

ಉತ್ತರ: ಗುಬ್ಬಿ ಕಡೆಯವನು

ಮೂವರಿಗೂ ಕೃತಜ್ಞತೆಗಳು. ಕ್ಯಾಲಿಪರ್ ಹಿಡಿದು ನೋಡಿದೆ, ರಬ್ಬರ್ ಸೇರಿ 39 ಮಿ.ಮೀ. ಇದೆ, ಬ್ಲೇಡು 20 ಸೆಂ.ಮೀ.ನದೇ, ದಂಡವೂ ಒಂದೇ ತುಂಡಿನದು. ಮೇವಿನ ಮಾತನ್ನು ಶ್ರೀನಿವಾಸಪುರದ ಅಕ್ಕನವರು ಹೇಳುವವರೆಗೆ ನಮ್ಮ ಸಭೆಯಲ್ಲಿ ಯಾರೂ ಎತ್ತಿರಲಿಲ್ಲ, ಏಕೆಂದರೆ ಸಭೆಯಲ್ಲಿ ಕುಳಿತವರೆಲ್ಲ ಹೊಲದ ಮಾಲೀಕರು.

ಇನ್ನೆರಡು ವಿಷಯ ಕೇಳಬೇಕು. ಹೊಸ ಮಾದರಿ ಹಳೆಯದಕ್ಕಿಂತ ನಿಜವಾಗಿ ಹಗುರವಾಯಿತೇ ಎಂದು ಪ್ರಯೋಗಾಲಯವಿಲ್ಲದೆ ಹೊಲದಲ್ಲೇ ಪರೀಕ್ಷಿಸುವುದು ಹೇಗೆ? ಹಾಗೆಯೇ ಹಲ್ಲಿನ ಕುಡುಗೋಲುಗಳನ್ನು ಒಟ್ಟಿಗೆ ತರಿಸುವ ಯೋಚನೆಯಿದೆ. ಅದರಲ್ಲಿಯೂ ಅಳತೆಯ ಪ್ರಶ್ನೆ ಬರುತ್ತದೆಯೇ?

ಉತ್ತರ: ಕಡಲೆಕಾಯಿ ಬೆಳೆಗಾರ, ಪಾವಗಡ

ಇಲ್ಲಿ ಯಾರೂ ಹೇಳದ ಒಂದು ಮಾತನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು. ಭುಜ ನೋಯುತ್ತದೆ ಎಂಬುದು ಎಲ್ಲ ಸಲವೂ ಭುಜದ ಮಾತೇ ಆಗಿರಬೇಕಿಲ್ಲ. ದಿನಗೂಲಿಗೆ ಬರುವ ಹತ್ತು ಜನರ ಕೆಲಸವನ್ನು ಕುಂಟೆ ಹಿಡಿದ ನಾಲ್ವರು ಮುಗಿಸಿದರೆ ಉಳಿದ ಆರು ಜನರ ಅಂದಿನ ಕೂಲಿ ಹೋಯಿತು. ಅದನ್ನು ಮಾಲೀಕನ ಎದುರಿಗೆ ಹೇಳಲಾಗದೆ ಮೈಕೈ ನೋವು ಎನ್ನುವವರೂ ಇರುತ್ತಾರೆ. ಆದ್ದರಿಂದ ಸ್ವಂತ ಹೊಲದಲ್ಲಿ ಕುಂಟೆ ಉಪಯೋಗಿಸಿದ ಹೆಂಗಸರನ್ನು ಬೇರೆಯಾಗಿ ಕೇಳಿ, ಕೂಲಿಗೆ ಹೋದವರನ್ನು ಬೇರೆಯಾಗಿ ಕೇಳಿ. ಇಬ್ಬರೂ ಒಂದೇ ನೋವು ಹೇಳಿದರೆ ಅದು ಉಪಕರಣದ ದೋಷ. ಕೂಲಿಯವರು ಮಾತ್ರ ಹೇಳಿದರೆ ಪೈಪು ಕತ್ತರಿಸಿ ಪ್ರಯೋಜನವಿಲ್ಲ, ಗುತ್ತಿಗೆಯ ದರ ಮಾತಾಡಬೇಕು. ಕುಂಟೆಯನ್ನು ಹೆಂಗಸರ ಗುಂಪಿಗೇ ಕೊಟ್ಟು, ಎಕರೆಗೆ ಇಷ್ಟು ಎಂದು ಅವರೇ ಗುತ್ತಿಗೆ ಹಿಡಿಯುವಂತೆ ಮಾಡಿದ ಕಡೆ ಅದೇ ಕುಂಟೆ ಚೆನ್ನಾಗಿ ಓಡುವುದನ್ನು ನಾನು ನೋಡಿದ್ದೇನೆ.

ನಮ್ಮ ಕಡೆ ಕಡಲೆಕಾಯಿ ಸುಲಿಯುವ ಕೈಯಂತ್ರದಲ್ಲಿ ನಿಂತು ಆಡಿಸುವುದೂ ಇದೆ, ಕುಳಿತು ಆಡಿಸುವುದೂ ಇದೆ. ಬಿತ್ತನೆಬೀಜ ಸುಲಿಯುವಾಗ ಹೆಂಗಸರು ಕುಳಿತು ಆಡಿಸುವುದನ್ನೇ ಕೇಳುತ್ತಾರೆ, ಅದರಲ್ಲಿ ಗಂಟೆಗೆ ಬರುವ ಬೀಜ ಕಡಿಮೆಯಾದರೂ ಸರಿ. ಕುಳಿತರೆ ಮಗುವನ್ನೂ ಪಕ್ಕದಲ್ಲಿ ನೋಡಿಕೊಳ್ಳಬಹುದು, ಮನೆಯೊಳಗೇ ಇಟ್ಟುಕೊಂಡು ರಾತ್ರಿಯೂ ಸುಲಿಯಬಹುದು.

ಉತ್ತರ: ನಿವೃತ್ತ ಕೃಷಿ ಎಂಜಿನಿಯರ್, ತುಮಕೂರು

ಪಾವಗಡದವರು ಹೇಳಿದ ರೀತಿಯಲ್ಲಿ ಇಬ್ಬರನ್ನೂ ಬೇರೆ ಮಾಡಿ ಕೇಳುವುದು ತೀರಾ ಅಗತ್ಯ. ನಾವು ಕಚೇರಿಯವರು ಹೋಗಿ ಕೇಳಿದಾಗ ಉಪಕರಣವನ್ನು ಯಾರೂ ಬೈಯುವುದಿಲ್ಲ, ನಮ್ಮ ಮುಖ ನೋಡಿಕೊಂಡು ಚೆನ್ನಾಗಿದೆ ಎನ್ನುತ್ತಾರೆ, ಆಮೇಲೆ ಮೂಲೆಗಿಡುತ್ತಾರೆ.

ಹೊಲದ ಪರೀಕ್ಷೆಗೆ ಗಡಿಯಾರವೊಂದಿದ್ದರೆ ಸಾಕು. ಒಂದೇ ಹೊಲದಲ್ಲಿ, ಒಂದೇ ಹದದ ಮಣ್ಣಿನಲ್ಲಿ, ಅದೇ ವ್ಯಕ್ತಿಗೆ ಒಂದು ದಿನ ಹಳೆಯ ಕುಂಟೆ, ಇನ್ನೊಂದು ದಿನ ಅದೇ ಹೊತ್ತಿನಲ್ಲಿ ಹೊಸದು ಕೊಡಬೇಕು. ಅರ್ಧ ಗಂಟೆ ತಳ್ಳಿದ ಮೇಲೆ ನಿಲ್ಲಿಸಿ, ಕೂಡಲೇ ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ತಡವಾದಷ್ಟೂ ನಾಡಿ ಇಳಿಯುತ್ತದೆ, ಆದ್ದರಿಂದ ಎಣಿಸುವವರು ಪಕ್ಕದಲ್ಲೇ ನಡೆಯುತ್ತಿರಬೇಕು. ದಿನವಿಡೀ ಮಾಡುವ ದುಡಿಮೆಯಲ್ಲಿ ನಾಡಿ ನಿಮಿಷಕ್ಕೆ 110ರ ಸುತ್ತ ಇರಬೇಕೆಂದು ಭಾರತೀಯ ಕಾರ್ಮಿಕರ ಮೇಲೆ 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತ್ತು, ಈಗಲೂ ಅದನ್ನೇ ಅಳತೆಗೋಲಾಗಿ ಬಳಸುವವರು ಬಹಳ. ಅದು ಗಂಡಸರ ಮೇಲೆ ಮಾಡಿದ ಅಧ್ಯಯನವಾದ್ದರಿಂದ ಹೆಂಗಸರಿಗೆ ಅದಕ್ಕಿಂತ ತುಸು ಕೆಳಗೇ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ನಾಡಿ 130 ದಾಟುತ್ತಿದ್ದರೆ ಬ್ಲೇಡು ಕಿರಿದು ಮಾಡಿ, ಇಲ್ಲವೇ ಕೆಲಸದ ನಡುವೆ ವಿರಾಮ ಹೆಚ್ಚಿಸಿ.

ನೋವಿಗೆ ಬೇರೆ ಕ್ರಮ. ಮನುಷ್ಯನ ಮುಂಭಾಗ ಮತ್ತು ಹಿಂಭಾಗದ ರೇಖಾಚಿತ್ರವನ್ನು ದೊಡ್ಡ ಹಾಳೆಯಲ್ಲಿ ಬರೆಸಿ, ಕೆಲಸ ಮುಗಿದ ಮೇಲೆ ಎಲ್ಲಿ ಹೆಚ್ಚು ನೋಯುತ್ತಿದೆಯೋ ಅಲ್ಲಿ ಬೆರಳಿಡಲು ಹೇಳಿ. ಅಕ್ಷರ ಬರದವರಿಗೂ ಇದು ಸುಲಭ. ಹಳೆಯ ಕುಂಟೆಯಲ್ಲಿ ಭುಜದ ಮೇಲೆ ಬಿದ್ದ ಬೆರಳುಗಳು ಹೊಸದರಲ್ಲಿ ಸೊಂಟಕ್ಕೆ ಇಳಿದಿದ್ದರೆ ತಾವು ಹಿಡಿಯನ್ನು ಅತಿಯಾಗಿ ತಗ್ಗಿಸಿದ್ದೀರಿ ಎಂದರ್ಥ. ಮರುದಿನ ಬೆಳಿಗ್ಗೆಯೂ ಒಮ್ಮೆ ಕೇಳಬೇಕು.

ಹಲ್ಲಿನ ಕುಡುಗೋಲಿನಲ್ಲಿಯೂ ಅಳತೆ ಇದೆ. ಭೋಪಾಲದ ಸಂಸ್ಥೆಯೇ ರೂಪಿಸಿದ ನವೀನ್ ಎಂಬ ಕುಡುಗೋಲು ಹಗುರವಾದದ್ದು. ಅದರ ಹಿಡಿಯ ಕಡೆ ಬಾಗು ಕೊಟ್ಟಿರುವುದರಿಂದ ನೆಲಮಟ್ಟದಲ್ಲಿ ಕೊಯ್ಯುವಾಗ ಬೆರಳಿನ ಗಿಣ್ಣು ಮಣ್ಣಿಗೆ ಉಜ್ಜುವುದಿಲ್ಲ. ಹಲ್ಲಿನ ಅಲಗಿಗೆ ಮತ್ತೆ ಮತ್ತೆ ಸಾಣೆ ಹಿಡಿಯಬೇಕಿಲ್ಲ, ಆದರೆ ಸವೆದ ಮೇಲೆ ಹಳ್ಳಿಯಲ್ಲಿ ಹಲ್ಲು ಹಾಕಿಸುವುದೂ ಸುಲಭವಲ್ಲ. ತರಿಸುವ ಮೊದಲು ಸಂಘದಲ್ಲಿ ಎಡಗೈಯವರು ಎಷ್ಟು ಜನ ಎಂದು ಕೇಳಿಕೊಳ್ಳಿ. ಹಲ್ಲನ್ನು ಅಲಗಿನ ಒಂದೇ ಮೈಗೆ ಕೊರೆದಿರುತ್ತಾರೆ, ಬಲಗೈಯದು ಎಡಗೈಯಲ್ಲಿ ಕೊಯ್ಯುವುದಿಲ್ಲ, ಜಾರಿ ಕಾಲಿಗೆ ತಗಲುವ ಭಯವೂ ಇದೆ.

ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ತಮಗೆ ದೂರವಲ್ಲ. ಅಳೆದ ಪಟ್ಟಿಯನ್ನು ಒಯ್ದು ಅಲ್ಲಿಯ ತಜ್ಞರಿಗೆ ತೋರಿಸಿ. ಹೆಸರು ಬೇಡ, ಊರು, ವಯಸ್ಸು, ಅಳತೆ ಇದ್ದರೆ ಸಾಕು.

ಉತ್ತರ: ಕುಲುಮೆ ಮತ್ತು ವೆಲ್ಡಿಂಗ್, ಚಿಂತಾಮಣಿ

ಒಂದು ಸೇರಿಸುತ್ತೇನೆ. ಎಲ್ಲವನ್ನೂ ಒಂದೇ ಸಲ ವೆಲ್ಡ್ ಮಾಡಿಸಬೇಡಿ. ಅಳತೆಗೆ ಎರಡರಂತೆ ನಾಲ್ಕು ಕುಂಟೆ ಮಾಡಿಸಿ, ಹಿಡಿಯ ಅಡ್ಡಪಟ್ಟಿಯನ್ನು ಟಾಕಾ (ಸುಲಭವಾಗಿ ಒಡೆಯಬಹುದಾದ ತಾತ್ಕಾಲಿಕ ಚುಕ್ಕಿ ವೆಲ್ಡ್) ಹಾಕಿ ನಿಲ್ಲಿಸಿಕೊಂಡು ಹೆಂಗಸರನ್ನೇ ಶೆಡ್ಡಿನ ಹತ್ತಿರ ಕರೆಸಿ, ಪಕ್ಕದ ಖಾಲಿ ನೆಲದಲ್ಲಿ ತಳ್ಳಿಸಿ ನೋಡಿ. ಅವರು ಇನ್ನೆರಡು ಬೆರಳು ಕೆಳಗೆ ಎಂದರೆ ಟಾಕಾ ಒಡೆದು ಅಲ್ಲೇ ಸರಿಸಬಹುದು. ಶೆಡ್ಡಿನವರು ಸಮಯ ಹಾಳು ಎಂದು ಗೊಣಗುತ್ತಾರೆ, ಅದಕ್ಕೆ ಅರ್ಧ ದಿನದ ಮಜೂರಿಯನ್ನು ಮೊದಲೇ ಮಾತಾಡಿಕೊಳ್ಳಿ, ಬಂದ ಹೆಂಗಸರಿಗೂ ಅಂದಿನ ಕೂಲಿ ಕೊಡಿ.